ದಾರಿಯಲ್ಲೇ ಕೂತದ್ದು

ಮತ್ತೆ ಅದೇ ವಾಸನೆ, ಕಿಟಕಿಯಿಂದ ಬಂದು ಮೂಗಿನ ತುದಿಯಲ್ಲಿ ಕೂತಿತು, ತಂಬಾಕಿನದು, ಇಡೀ ನಿಪ್ಪಾಣಿಯೇ ಈ ವಾಸನೆ ಹೊದ್ದುಕೊಂಡು ಕೂತಿರುವಾಗ ದವಾಖಾನೆಯ ಡೆಟಾಲಿಗೆ ಯಾರು ಕಿಮ್ಮತ್ತು ಕೊಡುತ್ತಾರೆ — ತಾರವ್ವನಿಗೆ ಸೀನು ಬಂತು, ಸೀನಲೋ ಬೇಡವೋ, ಸೀನಿದರೆ ಒಳಗಿನದು ಅಲುಗಾಡೀತು ಎಂದು ಮೂಗು ಹಿಡಿದುಕೊಂಡಳು, ಹಿಡಿದುಕೊಂಡ ಮೇಲೆ ನಗು ಬಂತು, ಸೀನಿಗೆ ಒಡೆಯುವಂಥದ್ದಾಗಿದ್ದರೆ ನಿನ್ನೆಯೇ ಒಡೆಯುತ್ತಿತ್ತು, ನಿನ್ನೆ ಎಷ್ಟು ಸೀನಿದ್ದಳು ಅವಳು. ಮೊಣಕೈಯ ಒಳಮಡಿಕೆಯಲ್ಲಿ ಹತ್ತಿ, ಹತ್ತಿಯ ಮೇಲೆ ಪಟ್ಟಿ, ಬೆಳಿಗ್ಗೆ ಅಕ್ಕುತಾಯಿ ಸಿಸ್ಟರು ತೆಗೆದ ರಕ್ತ ಇಷ್ಟೊತ್ತಿಗೆ ಕೊಲ್ಲಾಪುರ ಮುಟ್ಟಿರಬೇಕು, ಮಂಜುಗಡ್ಡೆಯ ಡಬ್ಬಿಯಲ್ಲಿ ಕೂತು, ಎಸ್.ಟಿ. ಬಸ್ಸಿನಲ್ಲಿ, ಕಂಡಕ್ಟರನ ಕಾಲ ಹತ್ತಿರ — ಹುಟ್ಟಿದಾಗಿನಿಂದ ಕೊಲ್ಲಾಪುರದ ಅಂಬಾಬಾಯಿಯನ್ನು ನೋಡಬೇಕು ಎಂದವಳು ತಾರವ್ವ, ಅವಳು ನೋಡಿಲ್ಲ, ಅವಳ ರಕ್ತ ಮಾತ್ರ ಮತ್ತೆ ಮತ್ತೆ ಹೋಗಿ ಬರುತ್ತಿದೆ, ಬರುತ್ತದೆಯೇ? ಎಲ್ಲಿ ಬರುತ್ತದೆ, ಹೋದದ್ದು ಹೋಯಿತು, ಬರುವುದು ಫೋನು. ಆ ಫೋನಿಗಾಗಿಯೇ ಈ ಬೆಂಚು, ಈ ಕಾಯುವುದು. ಡಾಕ್ಟರಬಾಯಿ ಮುಚ್ಚುಮರೆ ಮಾಡುವವರಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾರೆ — ನೋಡ ತಾರವ್ವ, ನಂಬರ ಇಳದಿತ್ತಂದ್ರ ಮನಿಗಿ ಹೋಗತಿ, ಇಳದಿಲ್ಲಂದ್ರ ಇವತ್ತ ಹೊಟ್ಟಿ ಕೊಯ್ಯಬೇಕಾಗತೈತಿ, ತಡಾ ಮಾಡಿದ್ರ ಒಳಗ ಒಡದು ನೀನ ಹೋಗತಿ. ನೀನೇ ಹೋಗುತ್ತಿ. ಎಲ್ಲಿಗೆ ಹೋಗುತ್ತಾಳೆ, ಅಕ್ಕೋಳದ ಮನೆಯಲ್ಲಿ ಮಗಳು ಅಕ್ಕವ್ವ ಒಂದನೇ ಇಯತ್ತೆಯ ಪಾಟಿ ಹಿಡಿದುಕೊಂಡು ಕೂತಿದ್ದಾಳೆ, ಅವಳ ಜಡೆ ಯಾರು ಹಾಕುತ್ತಾರೆ, ಅತ್ತೆ ಹಾಕಿದರೆ ಕುರಿಯ ಕೊರಳಿಗೆ ಹಗ್ಗ ಕಟ್ಟಿದ ಹಾಗೆ ಹಾಕುತ್ತಾಳೆ. ಹೆದರಿಕೆಯಾಯಿತು ತಾರವ್ವನಿಗೆ, ನಿಜವಾಗಿಯೂ ಆಯಿತು, ಆದರೆ ಹೆದರಿಕೆಯ ಪಕ್ಕದಲ್ಲೇ ಇನ್ನೊಂದು ಕೂತಿತ್ತು, ಅದು ಸುಮ್ಮನಿರುವುದಿಲ್ಲ, ಮೊದಲಿನಿಂದಲೂ ಅವಳದು ಅದೇ ಚಾಳಿ — ಒಂದು ನಂಬರು ರಕ್ತದೊಳಗೆ ಎಲ್ಲಿ ಬರೆದಿರುತ್ತದೆ? ಕೊಲ್ಲಾಪುರದವರಿಗೆ ಅದು ಹೇಗೆ ಕಾಣುತ್ತದೆ?

ಮೊದಲು ಬಂದದ್ದು ಹನಿ. ಬೆಲ್ಲದ ನೀರಿನ ಬಣ್ಣದ್ದು, ಬಂದೂ ಬಾರದಂತೆ, ಒಂದಿಷ್ಟು ತಡವಾಗಿ, ಆದರೂ ಬಂತಲ್ಲ, ಬಂದ ಮೇಲೆ ಮುಟ್ಟು ಮುಟ್ಟೇ, ಅವಳು ಎದ್ದು ಹೋಗಿ ಹಿತ್ತಿಲ ಛಪ್ಪರದ ಕೆಳಗೆ ಕೂತಳು. ಗಂಡ ಹಾಲಸಿದ್ದನ ಮನೆಯಲ್ಲಿ ಹೊರಗಾದವಳು ಒಲೆಯ ಹತ್ತಿರ ಹೋದರೆ ಅತ್ತೆ ದುಂಡವ್ವ ಬೈಯುತ್ತಾಳೆ ಅಷ್ಟೇ, ಆದರೆ ಕುರಿದೊಡ್ಡಿಯೊಳಗೆ ಕಾಲಿಟ್ಟರೆ ಮಂಗಸೂಳಿ ಮಲ್ಲಯ್ಯನೇ ಮುನಿಯುತ್ತಾನೆ, ಹಿಂಡಿಗೆ ರೋಗ ಬರುತ್ತದೆ, ಹಾಗಂತ ಅವರ ಅಜ್ಜನ ಅಜ್ಜನೂ ಹೇಳಿದ್ದಾನೆ, ಅದಕ್ಕೇ ಹಿಂಡಿನವರ ಮನೆಯಲ್ಲಿ ಇದು ಗುಟ್ಟಾಗಿ ಉಳಿಯುವ ಸಂಗತಿಯೇ ಅಲ್ಲ. ತಾರವ್ವ ಹೊರಗ ಕುಂತಾಳ — ಓಣಿಗೆಲ್ಲ ಗೊತ್ತು, ನೀರಿಗೆ ಹೋಗುವವರಿಗೆ ಗೊತ್ತು, ಕುರಿಗಳಿಗೂ ಗೊತ್ತು ಅನ್ನು, ಅವಳ ಧ್ವನಿ ಕೇಳಿದರೂ ಬೇಲಿಯ ಆಚೆಯಿಂದಲೇ ಬ್ಯಾ ಅನ್ನುತ್ತಿದ್ದವು. ಹೊರಗೆ ಕೂತವಳ ಹೊಟ್ಟೆಯಲ್ಲಿ ಏನಾದರೂ ನಿಂತಿರಬಹುದು ಎಂದು ಯಾರಿಗೆ ಹೊಳೆಯುತ್ತದೆ? ಅವಳಿಗೇ ಹೊಳೆಯಲಿಲ್ಲ. ಹನಿ ನಿಲ್ಲಲೂ ಇಲ್ಲ, ಹರಿಯಲೂ ಇಲ್ಲ, ಇವತ್ತು ಮುಗಿಯಿತು ಎಂದು ತಲೆಗೆ ನೀರು ಹಾಕಿಕೊಂಡು ಒಳಗೆ ಬಂದರೆ ಮರುದಿನ ಮತ್ತೆ ಹನಿ, ಮತ್ತೆ ಛಪ್ಪರ, ದುಂಡವ್ವ ರೊಟ್ಟಿ ಬಡಿದು ಬಡಿದು ಸೋತು, ಇದೇನಬೇ ತಾರವ್ವಾ, ನಿನ್ನ ಮುಟ್ಟ ಬಾಡಿಗಿ ಮನಿ ಹಿಡದಂಗ ಹಿಡದೈತಲ್ಲ, ಬಿಟ್ಟ ಹೋಗವಲ್ದು, ಅಂದು ತಾನೇ ನಕ್ಕಳು. ತಾರವ್ವನೂ ನಕ್ಕಳು, ನಗುವಾಗಲೇ ಎಡಗಡೆ ಏನೋ ಆಯಿತು, ಸೊಂಟದ ಎಲುಬಿನ ಒಳಮಗ್ಗುಲಲ್ಲಿ, ಚುಚ್ಚಿದ್ದಲ್ಲ, ಕುಟುಕಿದ್ದಲ್ಲ, ಒಳಗಿನಿಂದ ಯಾರೋ ಒಂದು ಬೆರಳಿಟ್ಟು ಒತ್ತಿ ಹಿಡಿದ ಹಾಗೆ, ಒತ್ತಿ ಹಿಡಿದು ಬಿಡದ ಹಾಗೆ, ಅವಳ ನಗು ಅಲ್ಲೇ ನಿಂತಿತು. ದುಂಡವ್ವ ಅವಳ ಮುಖ ನೋಡಿದಳು, ಮುಖ ನೋಡಿದವಳು ಹೊರಗಾದವಳನ್ನು ಮುಟ್ಟಬಾರದು ಎಂಬುದನ್ನೂ ಮರೆತು ರಟ್ಟೆ ಹಿಡಿದಳು, ಹಾಲಸಿದ್ದಾ, ಗಾಡಿ ತಗೀ, ನಿಪ್ಪಾಣಿಗಿ ಹೋಗೂಣು.

ಆ ದಿನ ಡಾಕ್ಟರಬಾಯಿ ಕೇಳಿದ ಮೊದಲನೇ ಪ್ರಶ್ನೆಗೇ ಉತ್ತರ ತಪ್ಪು. ಮುಟ್ಟು ಸರಿಯಾಗಿ ಆಗತೀಯೇನವ್ವ? ಹೂನ್ರಿ ಬಾಯಾರ, ಈಗೂ ಹೊರಗನ ಅದೀನ್ರಿ. ಹಂಗಾದ್ರ ಬಸರ ಇಲ್ಲ. ಇಲ್ರಿ, ಹೊರಗಾದಾಕಿ ಬಸರ ಹೆಂಗಿದ್ದೇನ್ರಿ. ಡಾಕ್ಟರಬಾಯಿ ಕನ್ನಡಕದ ಮೇಲಿಂದ ನೋಡಿದರು, ಹನಿ ಎಂಥಾದ್ದು, ಎಷ್ಟು, ಯಾವ ಬಣ್ಣದ್ದು ಎಂದೆಲ್ಲ ಕೇಳಿದರು, ಗಂಡಸರ ಎದುರಿಗೆ ಇದನ್ನೆಲ್ಲ ಕೇಳುತ್ತಾರಲ್ಲ ಎಂದು ಹಾಲಸಿದ್ದ ತಲೆಯ ರುಮಾಲು ಸರಿ ಮಾಡಿಕೊಳ್ಳುತ್ತಾ ಹೊರಗೆ ಹೋದ, ಆಮೇಲೆ ಮೂತ್ರದ ಪರೀಕ್ಷೆ, ಅಕ್ಕುತಾಯಿ ಒಂದು ಪಟ್ಟಿ ಹಿಡಿದುಕೊಂಡು ಓಡಿ ಬಂದಳು, ಅಕ್ಕುತಾಯಿ ಯಾವಾಗಲೂ ಓಡುತ್ತಲೇ ಬರುವವಳು, ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವವಳು — ಅಗ ಬಾಯಿ, ದಿನಾ ಹೋಗ್ಯಾವ ನಿನಗ, ಬಸರ ಅದಿ, ಹೊರಗ ಯಾಕ ಕುಂತಿದ್ದಿ? ತಾರವ್ವನಿಗೆ ನೆಲ ಎಲ್ಲಿದೆ ಎಂದು ತಿಳಿಯಲಿಲ್ಲ. ಅಕ್ಕವ್ವ ಹುಟ್ಟಿ ಶಾಲೆಗೆ ಹೋದರೂ ಇನ್ನೊಂದು ನಿಂತಿರಲಿಲ್ಲ, ನಿಲ್ಲುವುದೇ ಇಲ್ಲ ಎಂದು ಅವಳೂ ಕೈಬಿಟ್ಟಿದ್ದಳು, ಈಗ ನಿಂತಿದೆ, ಛಪ್ಪರದ ಕೆಳಗೆ ಕೂತಾಗಲೂ ನಿಂತಿತ್ತು, ತಾನು ಒಬ್ಬಳೇ ಎಂದು ಬೇಜಾರು ಮಾಡಿಕೊಂಡು ಕೂತಿದ್ದಾಗ ಇಬ್ಬರಿದ್ದರು! ಆ ಖುಷಿ ಎಷ್ಟು ಹೊತ್ತು ಇತ್ತು, ಈ ಕೋಣೆಯಿಂದ ಆ ಕೋಣೆಗೆ ಹೋಗುವ ತನಕ. ಆ ಕೋಣೆಯಲ್ಲಿ ಸೋನೋಗ್ರಾಫಿ, ಗಂಡು ಹೆಣ್ಣು ಹೇಳುವುದಿಲ್ಲ ಎಂದು ಗೋಡೆಗೆ ಕನ್ನಡದಲ್ಲೂ ಮರಾಠಿಯಲ್ಲೂ ಬರೆದಿದ್ದರು, ಸಣ್ಣ ಟಿ.ವಿ., ಅದರಲ್ಲಿ ಬರೀ ನುಸಿ ಹಾರಾಡಿದ ಹಾಗೆ ಕರಿ ಬಿಳಿ, ಪಂಚಾಯತಿಯ ಟಿ.ವಿ.ಯ ಆಂಟೆನಾ ಗಾಳಿಗೆ ತಿರುಗಿದಾಗ ಕಾಣುವಂಥದ್ದೇ. ಡಾಕ್ಟರಬಾಯಿ ಬಹಳ ಹೊತ್ತು ನೋಡಿದರು. ಚೀಲ ಖಾಲಿ ಐತಿ ತಾರವ್ವ. ಖಾಲಿ ಅಂದ್ರ? ಕೂಸಿನ ಚೀಲದಾಗ ಏನೂ ಕಾಣವಲ್ದು, ಇನ್ನ ಬಹಳ ಸಣ್ಣದಿದ್ರ ಕಾಣೂದಿಲ್ಲ ಖರೆ, ಇಲ್ಲಾ ಅದು ಚೀಲದ ತನಕ ಬರದ ದಾರ್ಯಾಗ ಕುಂತಿರಬೇಕು, ನಳಿ ಅಂತ ಇರತಾವ, ಅದರಾಗ, ನನಗ ಅದರದ ಸಂಶಯ. ಹೊಟ್ಟೆಯೊಳಗೆ ದಾರಿಗಳಿವೆಯೇ! ಯಾರೋ ಹೊರಟು, ನಡುದಾರಿಯಲ್ಲಿ ಕೂತುಬಿಟ್ಟಿದ್ದಾರೆ, ಯಾಕೆ ಕೂತರು, ದಣಿವಾಯಿತೇ, ದಾರಿ ತಪ್ಪಿತೇ, ಕತ್ತಲೆಗೆ ಹೆದರಿದರೇ — ತಾರವ್ವ ಅಳಬೇಕೋ ಕೇಳಬೇಕೋ ತಿಳಿಯದೆ ಕೇಳಿದಳು, ಮುಂದ ಹೋಗಂತ ಹೇಳಾಕ ಬರೂದಿಲ್ಲೇನ್ರಿ ಅದಕ್ಕ? ಬರೂದಿಲ್ಲವ್ವ, ಅಂದರು ಡಾಕ್ಟರಬಾಯಿ, ಅವರು ನಗಲಿಲ್ಲ.

ಆಗಿನಿಂದ ಶುರು ಈ ರಕ್ತ. ಒಳಗಿರುವುದು ರಕ್ತದಲ್ಲಿ ತನ್ನ ಗುರುತು ಬಿಡುತ್ತದಂತೆ, ಆ ಗುರುತಿನ ಲೆಕ್ಕವೇ ನಂಬರಂತೆ, ಚೀಲದಲ್ಲಿ ಸರಿಯಾಗಿ ಕೂತಿದ್ದರೆ ಗುರುತು ದಿನ ಬಿಟ್ಟು ದಿನಕ್ಕೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದಂತೆ, ತಪ್ಪು ಜಾಗದಲ್ಲಿ ಕೂತಿದ್ದರೆ ತೆವಳಿಕೊಂಡು ಏರುತ್ತದಂತೆ. ಮೊದಲ ಸಲ ಕೊಟ್ಟಳು, ಅಕ್ಕೋಳಕ್ಕೆ ಹೋದಳು, ಮತ್ತೆ ಬಂದಳು, ಕೊಟ್ಟಳು, ಏರಿತ್ತು, ಆದರೆ ತೆವಳಿಕೊಂಡೇ. ಡಾಕ್ಟರಬಾಯಿಗೆ ಅದು ಚಿಂತೆ, ತಾರವ್ವನಿಗೆ ಬೇರೆ, ಏರ್ತಲ್ರಿ, ಏರಿದ್ರ ಅದು ಬೆಳಿಯಾಕತ್ತೈತಿ ಹೌದಲ್ರಿ? ಬೆಳೆಯುವುದಕ್ಕೆ ಬಿಟ್ಟರೆ ಬೆಳೆದೇ ಬೆಳೆಯುತ್ತದೆ, ಕಬ್ಬಿನ ಬದುವಿನಲ್ಲಿ ಬಿದ್ದ ಜೋಳದ ಕಾಳೂ ತೆನೆ ಹಿಡಿಯುವುದಿಲ್ಲವೇ. ಮತ್ತೆ ಆಗಲೇ ಅವಳಿಗೆ ಆ ಕುರಿ ನೆನಪಾದದ್ದು. ಎರಡು ವರ್ಷದ ಕೆಳಗೆ ರಾಯಬಾಗದ ಕಡೆ ಹಿಂಡು ಹೊಡೆದುಕೊಂಡು ಹೋದಾಗ, ಹಸಿ ಜೋಳದ ಬೆಳೆ ತಿಂದು ಹೊಟ್ಟೆಯುಬ್ಬಿ ಬಿದ್ದ ಗಬ್ಬದ ಕುರಿ, ಜೀವ ಹೋಗುತ್ತಿದ್ದಂತೆಯೇ ಹಾಲಸಿದ್ದ ಮರಿಯನ್ನಾದರೂ ಉಳಿಸೋಣ ಎಂದು ಕೊಯ್ದ, ತಾರವ್ವ ಕಾಲು ಹಿಡಿದುಕೊಂಡಿದ್ದಳು, ಕಣ್ಣು ಮುಚ್ಚು ಅಂದರೆ ಮುಚ್ಚುವವಳೇ ಅವಳು, ಬಗ್ಗಿ ಬಗ್ಗಿ ನೋಡಿದಳು. ಟಗರಿನ ತಲೆಯ ಹಾಗೇ ಇತ್ತು ಮರಿಚೀಲ, ಆ ಕಡೆ ಒಂದು ಕೊಂಬು ಈ ಕಡೆ ಒಂದು ಕೊಂಬು, ಸುರುಳಿ ಸುತ್ತಿಕೊಂಡು, ಒಂದೊಂದು ಕೊಂಬಿನಲ್ಲಿ ಒಂದೊಂದು ಮರಿ, ಗೊರಸು ಸಮೇತ, ರೆಪ್ಪೆ ಸಮೇತ, ನಡುವಿನ ಚೀಲದಲ್ಲಿ ಏನೇನೂ ಇಲ್ಲ. ಖಾಲಿ! ಹಾಗಾದರೆ ಖಾಲಿ ಇದ್ದರೆ ಏನಾಯಿತು? ಬದಿಯ ದಾರಿಯಲ್ಲಿ ಕೂತೂ ಮರಿ ಆಗುತ್ತದೆ, ತಾನೇ ಕಣ್ಣಾರೆ ಕಂಡಿದ್ದಾಳೆ, ಡಾಕ್ಟರಬಾಯಿ ಎಷ್ಟು ಕಲಿತಿದ್ದರೂ ಕುರಿ ಕೊಯ್ದು ನೋಡಿರಲಿಕ್ಕಿಲ್ಲ.

ಇದನ್ನು ಅವಳು ಮೊದಲು ಹೇಳಿದ್ದು ಗಂಡನಿಗೆ, ನಿಪ್ಪಾಣಿಯಿಂದ ತಿರುಗಿ ಹೋಗುವ ಬಸ್ಸಿನಲ್ಲಿ, ಕಿವಿಯ ಹತ್ತಿರ ಬಾಯಿಟ್ಟು, ಸುತ್ತ ಜನ. ಹಾಲಸಿದ್ದ ಕೇಳಿದವನೇ ಸೀಟಿನಲ್ಲಿ ನೆಟ್ಟಗಾದ, ಅವನ ಮುಖದ ಮೇಲೆ ಎಷ್ಟೋ ದಿನದ ಮೇಲೆ ಬೆಳಕು, ಹೌದ ನೋಡ ತಾರಾ, ಖರೇನ ಹೇಳಿದಿ, ಕೊಂಬಿನ್ಯಾಗ ಬೆಳಿಯೂದು, ಕುರಿಗೂ ಕೊಂಬು ಆಡಿಗೂ ಕೊಂಬು, ಚೀಲದಾಗ ಯಾವ ಕುರಿ ಮರಿ ಮಲಗತೈತಿ, ಇವರಿಗೇನ ಗೊತ್ತ. ಒಬ್ಬರು ಕೂಗಿದ ಕೂಗಿಗೆ ಇನ್ನೊಬ್ಬರು ಓಗೊಡುವುದೆಂದರೆ ಎಷ್ಟು ಸುಖ, ಇಬ್ಬರೂ ಬಸ್ಸಿನಲ್ಲಿ ಹುಡುಗರಂತೆ ನಕ್ಕರು, ಅವನು ಮಂಗಸೂಳಿಗೆ ನಡೆದುಕೊಂಡೇ ಬರುತ್ತೇನೆ ಎಂದು ಮಲ್ಲಯ್ಯನಿಗೆ ಹೇಳಿಕೊಂಡ, ಅವಳು ಎಡಗಡೆಯ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಅಲ್ಲೇ ಇರು, ಕೂತಲ್ಲೇ ಬೆಳಿ, ನಿನ್ನನ್ನು ಯಾರೂ ಎಬ್ಬಿಸುವುದಿಲ್ಲ ಎಂದು ಹೇಳಿದಳು, ಬಾಯಿಬಿಟ್ಟಲ್ಲ, ಮನಸ್ಸಿನಲ್ಲಿ. ಆಮೇಲೆ ನೋವು ಬಂದರೆ ಅದು ನೋವಲ್ಲ, ಕೊಂಬು ಹಿಗ್ಗುತ್ತಿದೆ. ಮತ್ತೆ ರಕ್ತ ಕೊಡುವುದಕ್ಕೆ ಹೋದರೆ ಅಕ್ಕುತಾಯಿ ಕೇಳುತ್ತಾಳೆ, ಎಡಕ್ಕ ಏನರ ನೋಯ್ತೈತೇನ? ಇಲ್ಲ ಸಿಸ್ಟರ್. ತಲಿ ತಿರಗತೈತೇನ? ಏ, ಇಲ್ಲ. ಅಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ತಾರವ್ವನಿಗೇ ಗೊತ್ತಿರಲಿಲ್ಲ. ಮನೆಯಲ್ಲಿ ದುಂಡವ್ವ ಮಾತ್ರ ಈ ಕೊಂಬಿನ ಮಾತು ಕೇಳಿ ಹೌದು ಅನ್ನಲಿಲ್ಲ, ಒಲೆಯ ಮುಂದೆ ಕೂತು ಕೆಂಡ ಕೆದಕುತ್ತ, ನಾ ಎಂಟ ಹಡದೀನಿ, ನನಗ ಎಲ್ಲಿ ಕುಂತಿದ್ದೂ ಅಂತ ಯಾರೂ ತೋರಸಲಿಲ್ಲ ಯವ್ವಾ, ಅಂದಳು. ಎಂಟು ಹಡೆದು ಮೂರು ಉಳಿಸಿಕೊಂಡವಳು ದುಂಡವ್ವ.

ಬಟ್ಟೆ ಒಗೆಯುವಾಗ ಬಿದ್ದಳು. ಕಲ್ಲಿನ ಮೇಲೆ ಸೀರೆ ಎತ್ತಿ ಬಡಿಯುವುದಕ್ಕೆ ಹೋದವಳಿಗೆ ಕಣ್ಣಿಗೆ ಕತ್ತಲೆ ಕಟ್ಟಿತು, ಎಚ್ಚರವಾದಾಗ ಜೀಪಿನಲ್ಲಿ, ಯಾರ ಜೀಪೋ, ಹಾಲಸಿದ್ದನ ತೊಡೆಯ ಮೇಲೆ ತಲೆ, ಅವನ ಕೈ ಐಸಿನ ಹಾಗೆ ತಣ್ಣಗೆ. ಈ ಸಲ ಡಾಕ್ಟರಬಾಯಿ ಹಾಲಸಿದ್ದನನ್ನು ಹೊರಗೆ ಕಳಿಸಲಿಲ್ಲ, ನೀನೂ ನಿಲ್ಲಪ್ಪಾ, ನೋಡು, ಅಂದರು. ಮತ್ತೆ ಅದೇ ಟಿ.ವಿ., ಅದೇ ನುಸಿ, ನುಸಿಯ ನಡುವೆ ಒಂದು ಕಡೆ ಬಂದು ಅವರ ಬೆರಳು ನಿಂತಿತು, ಇದು ಚೀಲ, ಖಾಲಿ, ಇದರ ಬದಿಗೆ ನೋಡ್ರಿ ಇಲ್ಲಿ — ಕಂಡಿತು. ಬಿಳಿ ಸುತ್ತು, ನಡುವೆ ಕರಿದು. ಅಷ್ಟೇ, ಒಂದು ಬಿಳಿ ಸುತ್ತು, ಕೈಯಲ್ಲಿ ಹಿಡಿದು ಬರೆದ ಹಾಗೆ ಗುಂಡಗೆ, ನಡುವೆ ಕರಿದು. ತಾರವ್ವ ಮಲಗಿದಲ್ಲಿಂದಲೇ ಕತ್ತು ಎತ್ತಿದಳು, ಅಯ್ಯ, ಇಷ್ಟೇ ಏನು, ಇಷ್ಟಕ್ಕೇ ಏನು ಇಷ್ಟೆಲ್ಲ, ಎಷ್ಟು ಚಂದ ಕೂತಿದೆ! ಆಗ ಹಾಲಸಿದ್ದ ಧೈರ್ಯ ಮಾಡಿ ಕೊಂಬಿನ ಮಾತು ತೆಗೆದ, ತೊದಲುತ್ತ, ಕುರಿದು ಹಿಂಗ ಇರತೈತ್ರಿ ಬಾಯಾರ, ಕೊಂಬಿನ್ಯಾಗ, ನಾವ ನೋಡೀವ್ರಿ. ಡಾಕ್ಟರಬಾಯಿ ಪೂರ್ತಿ ಕೇಳಿದರು. ಖರೆ ಐತಿ, ಅಂದರು. ಕುರಿದು ಹಂಗನ ಇರತೈತಿ, ಯಾಕಂದ್ರ ಕುರಿಗೆ ಆ ಕೊಂಬನ ಚೀಲ, ದಪ್ಪಾಗಿ ಇರತೈತಿ, ಹಿಗ್ಗತೈತಿ. ಕೊಂಬಿನ ತುದೀಗೆ ದಾರದಂಥಾದ್ದು ಒಂದು ಇರತೈತಿ ನೋಡಿಯೇನು? ಹಾಲಸಿದ್ದ ನೋಡಿದ್ದ. ಮನಷ್ಯಾರಿಗೆ ಈ ನಳಿ ಅಂದ್ರ ಆ ದಾರ. ಆ ದಾರದಾಗ ಎಂದರ ಮರಿ ನೋಡಿಯೇನು? ಹಾಲಸಿದ್ದ ಲೆಕ್ಕವಿಲ್ಲದಷ್ಟು ಕುರಿ ಕೊಯ್ದವನು, ಆ ದಾರ ಅವನ ಬೆರಳಿಗೆ ಗೊತ್ತು, ಎಳೆದರೆ ಹರಿಯುವಂಥದ್ದು ಎಂಬುದೂ ಗೊತ್ತು. ತಾರವ್ವ ನೋಡುತ್ತಿದ್ದ ಹಾಗೆ ಅವನ ಮುಖದಿಂದ ಆ ಬಸ್ಸಿನ ಬೆಳಕು ಹೋಯಿತು, ರುಮಾಲು ತೆಗೆದು ಕಣ್ಣಿಗೆ ಒತ್ತಿಕೊಂಡ. ಅವಳಿಗೆ ಡಾಕ್ಟರಬಾಯಿಯ ಮೇಲೆ ಸಿಟ್ಟು ಬಂತು, ಕುರಿಯ ಮೇಲೂ ಬಂತು.

ಅದಕ್ಕ ಜೀವ ಐತೇನ್ರಿ? ಇದನ್ನು ಕೇಳಿದವಳು ತಾರವ್ವನೇ. ಮಿಡಿತ ಏನೂ ಕಾಣವಲ್ದು ತಾರವ್ವ, ಕಂಡಿದ್ರೂ ಅದು ಅಲ್ಲಿ ಉಳಿಯೂದಿಲ್ಲ, ನಿನ್ನೂ ಉಳಸೂದಿಲ್ಲ. ಇನ್ನ ಒಡದಿಲ್ಲ, ಅದು ನಿನ್ನ ದೈವ. ಒಂದು ಇಂಜೆಕ್ಷನ್ ಐತಿ, ಬೆಳಿಯೂದನ್ನ ನಿಂದರಸತೈತಿ, ಹತ್ತಿದ್ರ ಹೊಟ್ಟಿ ಕೊಯ್ಯೂದ ಬ್ಯಾಡ, ನಳಿನೂ ಉಳಿದೀತು, ಹತ್ತಲಿಲ್ಲಂದ್ರ ಕೊಯ್ಯೂದು. ಹೂಂ ಅಂತೀಯೋ ಇಲ್ಲೋ? ಎಲ್ಲರೂ ಅವಳ ಮುಖ ನೋಡಿದರು. ಜೀವನದಲ್ಲಿ ಅವಳನ್ನು ಹೀಗೆ ಯಾರೂ ಕೇಳಿರಲಿಲ್ಲ, ಮದುವೆಗೂ ಕೇಳಿರಲಿಲ್ಲ, ಈಗ ಇದನ್ನು ಕೇಳುತ್ತಿದ್ದಾರೆ, ಕೇಳುವುದಕ್ಕೆ ಇದೇ ಸಿಕ್ಕಿತೇ ಇವರಿಗೆ. ಬಿಳಿ ಸುತ್ತು, ನಡುವೆ ಕರಿದು. ಕೂತಲ್ಲೇ ಬೆಳಿ ಎಂದು ಹೇಳಿದವಳು ತಾನೇ, ಯಾರೂ ಎಬ್ಬಿಸುವುದಿಲ್ಲ ಎಂದವಳೂ ತಾನೇ, ಈಗ ನಿಲ್ಲು ಎಂದು ಹೇಳಬೇಕಾದವಳೂ ತಾನೇ. ಅಕ್ಕವ್ವನ ಜಡೆ. ಹೂಂ, ಅಂದಳು. ಸೊಂಟದ ಕೆಳಗೆ ಸೂಜಿ, ಹಳದಿ ಬಣ್ಣದ ನೀರು, ಮಲ್ಲಯ್ಯನ ಅರಿಷಿಣದ ಭಂಡಾರ ಕದಡಿದ ಹಾಗೆ, ಅದೂ ಕೊಲ್ಲಾಪುರದಿಂದಲೇ ಬಂದದ್ದು, ಇಷ್ಟು ಹಳದಿ ಯಾಕಿರುತ್ತದೆ ಎಂದು ಅಕ್ಕುತಾಯಿಯನ್ನು ಕೇಳಿದಳು, ಅಕ್ಕುತಾಯಿ, ನಿನ್ನ ಪ್ರಶ್ನಿ ಮುಗದಾವಂದ್ರ ನಾ ಪೇಢಾ ಹಂಚತೀನಿ, ಅಂದಳು, ಅಂದು ಅವಳ ತಲೆ ಸವರಿದಳು. ಬೆಳೆಯುವುದನ್ನು ನಿಲ್ಲಿಸುವ ಔಷಧಕ್ಕೆ ತಪ್ಪಲ ಪಲ್ಯ ಆಗಬಾರದಂತೆ, ದುಂಡವ್ವ ಅಕ್ಕೋಳದಿಂದ ಕಟ್ಟಿಕೊಂಡು ಬಂದ ಮೆಂತೆ ಪಲ್ಯ ಹಾಗೇ ತಿರುಗಿ ಹೋಯಿತು, ಹಸಿರು ತಿಂದರೆ ಅದು ಮತ್ತೆ ಚಿಗುರೀತೇ, ಚಿಗುರಲಿ ಎಂದು ಒಂದು ಕ್ಷಣ ಅನ್ನಿಸಿದ್ದೂ ಉಂಟು, ಡಬ್ಬಿಯ ಮುಚ್ಚಳದವರೆಗೆ ಕೈ ಹೋದದ್ದೂ ಉಂಟು. ಬಾಯೊಳಗೆ ಹುಣ್ಣು, ಹೊಟ್ಟೆಯಲ್ಲಿ ಹಿಂಡಿದ ಹಾಗೆ, ಇಂಜೆಕ್ಷನ್ನಿನ ನಂತರದ ಮೊದಲ ರಕ್ತದಲ್ಲಿ ನಂಬರು ಇಳಿಯುವುದು ಬಿಟ್ಟು ಇನ್ನೂ ಏರಿತ್ತು, ಡಾಕ್ಟರಬಾಯಿ ಮೊದಮೊದಲು ಹಂಗ ಏರತೈತಿ ಅಂದರು, ಅನ್ನುವಾಗ ಕಿಟಕಿಯ ಕಡೆ ನೋಡಿದರು. ತಾರವ್ವನಿಗೆ ಒಳಗೊಳಗೆ ಹೆಮ್ಮೆಯಾಯಿತು, ಹಟಮಾರಿ, ತನ್ನ ಹಾಗೇ, ಹೇಳಿದ ಮಾತು ಕೇಳುವುದೇ ಇಲ್ಲ.

ಅದಾದ ಮೇಲೆ ಇವತ್ತಿನ ರಕ್ತ, ಈ ಬೆಂಚು. ಹಾಲಸಿದ್ದ ಹಿಂಡನ್ನು ಅಣ್ಣನಿಗೆ ಬಿಟ್ಟು ಬಂದು ಗೇಟಿನ ಹತ್ತಿರ ನಿಂತಿದ್ದಾನೆ, ಬೀಡಿ ಹಚ್ಚಿಲ್ಲ, ಕೈಯಲ್ಲಿ ಸುಮ್ಮನೆ ತಿರುಗಿಸುತ್ತಿದ್ದಾನೆ. ದುಂಡವ್ವ ಪಕ್ಕದಲ್ಲಿ ಕೂತು ಸೆರಗಿನ ಗಂಟಿನಲ್ಲಿ ಏನನ್ನೋ ಹಿಡಿದುಕೊಂಡಿದ್ದಾಳೆ, ಕೇಳಿದರೆ ಹೇಳಲೊಲ್ಲಳು. ಏರಿದ್ದರೆ? ಏರಿದ್ದರೆ ಕೊಯ್ಯುತ್ತಾರೆ, ಕೊಯ್ಯುವಾಗ ತಾನು ಎಚ್ಚರ ಇರುವುದಿಲ್ಲ, ಇದ್ದಿದ್ದರೆ ಬಗ್ಗಿ ನೋಡಬಹುದಿತ್ತು, ಆ ದಾರ ಎಷ್ಟು ದಪ್ಪ ಇದೆ ಎಂದು, ಒಳಗೆ ಕೂತದ್ದಕ್ಕೆ ರೆಪ್ಪೆ ಇದೆಯೇ ಎಂದು — ಛೆ, ಎಂಥ ಹೆಂಗಸು ತಾನು, ತಾಯಿಯೋ ಕಟುಕಳೋ. ಕಣ್ಣು ಮುಚ್ಚಿದರೆ ಬಿಳಿ ಸುತ್ತು. ತೆರೆದರೆ ಫ್ಯಾನು, ಅದೂ ಸುತ್ತು. ಒಳಗೆ ಫೋನು ಬಡಿಯಿತು. ಎಷ್ಟೋ ಸಲ ಬಡಿದಿತ್ತು ಬೆಳಿಗ್ಗೆಯಿಂದ, ಆದರೆ ಇದು ಅದೇ ಎಂದು ಅವಳ ಮೈಗೆ ತಿಳಿಯಿತು, ಅಕ್ಕುತಾಯಿಯ ಧ್ವನಿ, ಹೋ, ಬೋಲಾ, ಹೋ, ಪರತ ಸಾಂಗಾ, ಮತ್ತೆ ಹೇಳ್ರಿ ಎಂದು ಕೇಳುತ್ತಿದ್ದಾಳೆ, ಒಂದು ಸಲ ಹೇಳಿದ್ದು ಸಾಲದೇ, ಆಮೇಲೆ ಓಡುತ್ತ ಬಂದಳು, ಇಳದೈತಿ! ತಾರವ್ವಾ, ಚಲೋ ಇಳದೈತಿ, ಅರ್ಧಾನೂ ಉಳದಿಲ್ಲ! ಡಾಕ್ಟರಬಾಯಿ ಹೊರಗೆ ಬಂದರು, ನಕ್ಕರು, ಇಷ್ಟು ದಿನದಲ್ಲಿ ಅವರ ಹಲ್ಲು ಕಂಡದ್ದು ಇದೇ ಮೊದಲು, ಕೊಯ್ಯೂದ ಬ್ಯಾಡವ್ವಾ, ಬದುಕಿದಿ, ಇನ್ನ ಸೊನ್ನಿಗೆ ಬರೂ ತನಕ ವಾರಕ್ಕೊಮ್ಮೆ ರಕ್ತಾ ಕೊಡು. ಗೇಟಿನಿಂದ ಹಾಲಸಿದ್ದ ಓಡಿ ಬಂದ, ಏಳಕೋಟಿ ಏಳಕೋಟಿ ಎಂದು ಮಲ್ಲಯ್ಯನ ಹೆಸರಿನಲ್ಲಿ ಕೂಗಿಯೇಬಿಟ್ಟ, ದವಾಖಾನೆ ಎಂದೂ ನೋಡದೆ. ಬದುಕಿದೆ, ಅಂದುಕೊಂಡಳು ತಾರವ್ವ, ಬದುಕಿದೆ, ಮೈಯೆಲ್ಲ ಹಗುರಾಯಿತು, ಹಗುರಾದ ಮೈಯಲ್ಲಿ ಒಂದೇ ಜಾಗ ಭಾರ.

ಬಾಯಾರ, ಇಳಿದದ್ದು ಎಲ್ಲಿಗಿ ಹೋಗತೈತ್ರಿ? ಯಾವುದವ್ವ? ಅದಽ, ಒಳಗಿಂದು. ಹನಿಯಾಗಿ ಬರುತ್ತದೋ, ಗಡ್ಡೆಯಾಗಿ ಬರುತ್ತದೋ, ಬಂದರೆ ನೋಡಬಹುದು ಎಂದು ದಿನಾ ಬಗ್ಗಿ ಬಗ್ಗಿ ನೋಡಿದ್ದಳು ಅವಳು, ಯಾರಿಗೂ ಹೇಳಿರಲಿಲ್ಲ. ಅದು ಹೊರಗ ಬರೂದಿಲ್ಲ ತಾರವ್ವ, ಎಲ್ಲೂ ಹೋಗೂದಿಲ್ಲ, ನಿನ್ನ ಮೈಯಾಗನ ಕರಗತೈತಿ. ಮಾತು ಕೇಳಿ ದುಂಡವ್ವ ಎದ್ದು ನಿಂತಳು, ಸೆರಗಿನ ಗಂಟು ಬಿಚ್ಚಿದಳು, ಮಡಿಕೆ ಮಾಡಿದ ಹೊಸ ಬಿಳಿ ಬಟ್ಟೆ, ಅದರೊಳಗೆ ಪುಡಿಕೆಯಲ್ಲಿ ಮಂಗಸೂಳಿಯ ಭಂಡಾರ. ಅವರಲ್ಲಿ ಕುರಿ ದಿನ ತುಂಬದೆ ಕಂದು ಹಾಕಿದ ಮರಿಯನ್ನೂ ಸುಮ್ಮನೆ ಎಸೆಯುವುದಿಲ್ಲ, ಬಟ್ಟೆ ಸುತ್ತಿ, ಭಂಡಾರ ಹಾಕಿ, ಹೊಲದ ಅಂಚಿನಲ್ಲಿ ಹೂತು ಮುಳ್ಳು ಹೇರುತ್ತಾರೆ, ದುಂಡವ್ವ ತನ್ನ ಐದನ್ನೂ ಹಾಗೇ ಮಾಡಿದವಳು. ಕೊಡ್ತೀರಂತ ತಂದಿದ್ನೆವ್ವಾ, ಮಣ್ಣ ಮಾಡಬೇಕಂತ, ಅಂದಳು, ಕೊಡೂದಕ್ಕ ಏನೂ ಇಲ್ಲನ? ಇಲ್ಲ ಆಯಿ, ಅಂದಳು ಅಕ್ಕುತಾಯಿ, ಓಡುವವಳು ಮೊದಲ ಸಲ ನಿಂತುಬಿಟ್ಟಿದ್ದಳು. ದುಂಡವ್ವ ಬಟ್ಟೆಯನ್ನು ನೋಡಿದಳು, ತಾರವ್ವನನ್ನು ನೋಡಿದಳು, ಅಂದ್ರ ಇಲ್ಲೇ ಐತಿ, ಅಂದಳು, ಏಳ ಯವ್ವಾ, ನಿಲ್ಲ. ತಾರವ್ವ ನಿಂತಳು. ದುಂಡವ್ವ ಬಟ್ಟೆ ಕೊಡವಿ ಬಿಡಿಸಿ, ಚಿಟಿಕೆ ಭಂಡಾರ ಹಾಕಿ, ಸೊಸೆಯ ಹೊಟ್ಟೆಗೆ ಸುತ್ತತೊಡಗಿದಳು, ಬಾಣಂತಿಗೆ ಸುತ್ತುವ ಹಾಗೆ, ಅಕ್ಕವ್ವ ಹುಟ್ಟಿದಾಗ ಸುತ್ತಿದ ಹಾಗೆ. ಬಿಗಿ ಮಾಡಬ್ಯಾಡ್ರಿ ಆಯಿ, ಎಡಕ್ಕ ಇನ್ನ ಹಸಿ ಐತಿ, ಅಂದಳು ಅಕ್ಕುತಾಯಿ. ಗೊತ್ತೈತಿ ಬಿಡ, ಕೂಸಿಗಿ ಸುತ್ತೂವಾಗ ಯಾರರ ಬಿಗಿತಾರೇನ. ತಾರವ್ವನಿಗೆ ಅಳು ಬಂತು, ಇಷ್ಟು ದಿನ ಎಲ್ಲಿತ್ತೋ ಅದು, ತಡೆಯುವುದಕ್ಕೆ ಹೋಗಲಿಲ್ಲ, ಅಳುತ್ತಲೇ ಬಗ್ಗಿ ನೋಡಿದಳು, ಅತ್ತೆಯ ಕೈ ಬೆನ್ನಿನ ಹಿಂದೆ ಹೋಗಿ ಮುಂದೆ ಬರುತ್ತಿದೆ, ಮತ್ತೊಂದು ಸುತ್ತು, ಕೇಳುವುದಕ್ಕೆ ಇನ್ನೇನೋ ಇತ್ತು, ಕರಗುವುದು ಎಂದರೆ ಎಷ್ಟು ದಿನ, ಕರಗಿ ರಕ್ತಕ್ಕೆ ಸೇರುತ್ತದೆಯೇ, ರಕ್ತಕ್ಕೆ ಸೇರಿದ್ದು ಮುಂದಿನ ವಾರ ಕೊಲ್ಲಾಪುರಕ್ಕೆ — ಬಾಯಿಗೆ ಬರಲಿಲ್ಲ, ಇನ್ನೊಂದು ಸುತ್ತು, ಬಿಳಿ, ಮೆತ್ತಗೆ, ನಡುವೆ ತಾನು, ತನ್ನೊಳಗೆ ಎಡಕ್ಕೆ ಬಿಳಿ ಸುತ್ತು, ನಡುವೆ ಕರಿದು, ಬಿಳಿ ಸುತ್ತು —